ಗಾಯವಾದಾಗ ಆಸ್ಪತ್ರೆಗೆ ಹೊರಡಬೇಕೇ, ಮನೆಯಲ್ಲೇ ಕಟ್ಟಬಹುದೇ: ಹಂತಹಂತವಾಗಿ ನಿರ್ಧರಿಸುವ ಬಗೆ

ಈಳಿಗೆಮಣೆಯ ಮುಂದೆ ಕುಳಿತು ಹಲಸಿನ ಕಾಯಿ ಹೆಚ್ಚುತ್ತಿರುವಾಗ ಕೈ ಜಾರಿ, ತೋರುಬೆರಳಿನ ಒಳಬದಿಗೆ ಒಂದು ಸಣ್ಣ ಗೀರು ಬೀಳುತ್ತದೆ. ಬಂದ ರಕ್ತ ನಾಲ್ಕೈದು ಹನಿಗಿಂತ ಹೆಚ್ಚಿಲ್ಲ. ಅರಿಶಿನ ಒತ್ತಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿದರೆ ಕೆಲಸ ಮುಂದುವರಿಯುತ್ತದೆ. ಬಟ್ಟೆ ಬಿಚ್ಚಿ ನೋಡಿದ ನಾಲ್ಕನೆಯ ದಿನ ಗಾಯ ಕೂಡಿರುತ್ತದೆ, ಆದರೆ ಬೆರಳಿನ ತುದಿಯ ಗೆಣ್ಣು ಮಡಚುತ್ತಿಲ್ಲ. ಒಳಗಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅಂದೇ ತುಂಡಾಗಿತ್ತು. ಅದೇ ಮನೆಯ ಮಗು ಹೊಸ್ತಿಲಿಗೆ ತಲೆ ಬಡಿದುಕೊಂಡು ಅಂಗಿಯೆಲ್ಲ ರಕ್ತವಾದ ದಿನ ಮನೆಯವರೆಲ್ಲ ಆಸ್ಪತ್ರೆಗೆ ಓಡಿದ್ದರು. ಮೂರು ಹೊಲಿಗೆ ಹಾಕಿಸಿಕೊಂಡ ಮಗು ಸಂಜೆಗೆ ಆಟಕ್ಕಿಳಿದಿತ್ತು.

ಚರ್ಮದ ಗಾಯದಲ್ಲಿ ನಾವು ಸಾಮಾನ್ಯವಾಗಿ ನಂಬುವ ಎರಡು ಅಳತೆಗಳು ರಕ್ತ ಮತ್ತು ನೋವು. ಎರಡೂ ಮೋಸ ಮಾಡುತ್ತವೆ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಅಲ್ಲಿನ ಚಿಕ್ಕ ಗಾಯವೂ ಧಾರಾಳವಾಗಿ ಸುರಿಯುತ್ತದೆ. ಚರ್ಮದ ಪೂರ್ತಿ ದಪ್ಪವನ್ನು ಸುಟ್ಟ ಬೆಂಕಿಯು ನರಗಳ ತುದಿಗಳನ್ನೂ ಸುಟ್ಟಿರುವುದರಿಂದ ಅಲ್ಲಿ ನೋವೇ ಇರದು. ಗಾಯ ಹೇಗೆ ಆಯಿತು, ಎಲ್ಲಿ ಆಯಿತು, ಯಾರಿಗೆ ಆಯಿತು, ಆಗಿ ಎಷ್ಟು ಹೊತ್ತಾಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ. ಈ ಬರಹದ ಹಂತಗಳೆಲ್ಲ ಆ ಪ್ರಶ್ನೆಗಳನ್ನು ಕೇಳುವ ಕ್ರಮವಷ್ಟೇ.

ಹಂತ 1: ಗಾಯಕ್ಕಿಂತ ಮೊದಲು ಮನುಷ್ಯನನ್ನು ನೋಡಿ

ಗಾಯಾಳು ಎಚ್ಚರವಾಗಿದ್ದಾರೆಯೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಿದ್ದಾರೆಯೇ, ಉಸಿರಾಟ ಸರಾಗವಾಗಿದೆಯೇ ಎಂದು ಮೊದಲು ಗಮನಿಸಬೇಕು. ಮೈ ತಣ್ಣಗಾಗಿ ಬೆವರುತ್ತಿದ್ದರೆ, ತುಟಿ ಬಿಳಿಚಿಕೊಂಡಿದ್ದರೆ, ನಿಲ್ಲಲಾಗದಷ್ಟು ತಲೆ ಸುತ್ತುತ್ತಿದ್ದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದವರು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ್ದರೆ, ಮತ್ತೆಮತ್ತೆ ವಾಂತಿ ಮಾಡುತ್ತಿದ್ದರೆ, ಮಂಪರಿನಲ್ಲಿದ್ದರೆ ಅದು ಚರ್ಮದ ಗಾಯದ ಪ್ರಶ್ನೆಯೇ ಅಲ್ಲ, ಕೂಡಲೇ ಹೊರಡಬೇಕು. ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ಏನಾದರೂ ಚುಚ್ಚಿದ್ದರೂ ಅಷ್ಟೇ, ಹೊರಗಿನ ತೂತನ್ನು ನೋಡಿ ಒಳಗಿನ ಆಳವನ್ನು ಅಳೆಯಲು ಯಾರಿಂದಲೂ ಸಾಧ್ಯವಿಲ್ಲ.

ಹಂತ 2: ಹತ್ತು ನಿಮಿಷ ಒತ್ತಿ ಹಿಡಿಯಿರಿ, ಮಧ್ಯೆ ಇಣುಕಬೇಡಿ

ಶುಭ್ರವಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಸಾಧ್ಯವಿದ್ದರೆ ಗಾಯವಾದ ಕೈಯನ್ನೋ ಕಾಲನ್ನೋ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿಯಬೇಕು. ಎಲ್ಲರೂ ತಪ್ಪುವುದು ಇಲ್ಲಿಯೇ: ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ “ನಿಂತಿತೇ” ಎಂದು ನೋಡುತ್ತಾರೆ, ನೋಡಿದಾಗಲೆಲ್ಲ ಆಗಷ್ಟೇ ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡದೆ ಒತ್ತಬೇಕು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕೇ ಹೊರತು ಮೊದಲನೆಯದನ್ನು ತೆಗೆಯಬಾರದು.

ಹತ್ತು ನಿಮಿಷದ ನಂತರವೂ ರಕ್ತ ಹರಿಯುತ್ತಿದ್ದರೆ, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ಕೆಂಪಗಿನ ರಕ್ತ ನಾಡಿ ಬಡಿತಕ್ಕೆ ತಕ್ಕಂತೆ ಚಿಮ್ಮುತ್ತಿದ್ದರೆ ಹತ್ತು ನಿಮಿಷ ಕಾಯುವ ಮಾತೇ ಇಲ್ಲ. ಕೈಕಾಲಿನಿಂದ ಹೀಗೆ ಚಿಮ್ಮುವ ರಕ್ತ ಎಷ್ಟು ಒತ್ತಿದರೂ ನಿಲ್ಲದಿದ್ದಾಗ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯವನ್ನು ಬರೆದಿಡಬೇಕು. ಗಾಜು, ಕಬ್ಬಿಣದ ಸರಳು, ಕೊಂಬೆ ಒಳಗೆ ನಾಟಿಕೊಂಡಿದ್ದರೆ ಅದನ್ನು ಕೀಳಬೇಡಿ, ರಕ್ತನಾಳದ ತೂತನ್ನು ಮುಚ್ಚಿಕೊಂಡಿರುವುದು ಅದೇ ಇರಬಹುದು. ಅಲುಗಾಡದಂತೆ ಸುತ್ತಲೂ ಬಟ್ಟೆಯ ಸುರುಳಿ ಇಟ್ಟು ಕರೆದೊಯ್ಯಿರಿ.

ಬೆರಳು ಪೂರ್ತಿ ತುಂಡಾಗಿದ್ದರೆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಒಯ್ಯಬೇಕು. ತುಂಡನ್ನು ನೇರವಾಗಿ ಮಂಜುಗಡ್ಡೆಯ ಮೇಲಿಟ್ಟರೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ.

ಹಂತ 3: ತೊಳೆದು, ಬೆಳಕಿನಲ್ಲಿ ನೋಡಿ

ರಕ್ತ ನಿಂತ ಮೇಲೆ ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಐದರಿಂದ ಹತ್ತು ನಿಮಿಷ ತೊಳೆಯಬೇಕು. ಕುಡಿಯಲು ಯೋಗ್ಯವಾದ ನೀರು ಗಾಯ ತೊಳೆಯಲೂ ಯೋಗ್ಯ. ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ನೇರವಾಗಿ ಗಾಯದೊಳಗೆ ಸುರಿಯುವುದರಿಂದ ಕ್ರಿಮಿಗಳ ಜೊತೆಗೆ ಗಾಯ ಕೂಡಿಸುವ ಜೀವಕೋಶಗಳೂ ಸಾಯುತ್ತವೆ. ಕಾಫಿ ಪುಡಿ, ಸುಣ್ಣ, ಅರಿಶಿನ, ಜೇಡರ ಬಲೆ ಇವುಗಳ ಬಗ್ಗೆ ನನ್ನ ತಕರಾರು ಇನ್ನೂ ಸರಳವಾದದ್ದು: ಇವನ್ನು ಮೆತ್ತಿದ ಮೇಲೆ ಗಾಯದ ತಳ ಯಾರಿಗೂ ಕಾಣುವುದಿಲ್ಲ, ಅಂಚು ಎಲ್ಲಿದೆ ಎಂದು ತಿಳಿಯಲು ವೈದ್ಯರು ಮತ್ತೊಮ್ಮೆ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ಗಾಯದ ನೋವಿಗಿಂತ ಹೆಚ್ಚು.

ತೊಳೆದ ಮೇಲೆ ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ನೋಡಿ. ಅಂಚುಗಳು ತಾವಾಗಿ ಕೂಡಿಕೊಂಡಿದ್ದರೆ ಹೊಲಿಗೆ ಬೇಡ. ಬಾಯಿ ತೆರೆದಂತೆ ಅಗಲಿಸಿಕೊಂಡು ನಿಂತಿದ್ದರೆ, ಒಳಗೆ ಹಳದಿ ಮಣಿಗಳಂತೆ ಕೊಬ್ಬು ಕಂಡರೆ, ಬಿಳಿಯ ಹೊಳೆಯುವ ಪಟ್ಟಿಯಂಥದ್ದು ಅಥವಾ ಮೂಳೆ ಕಂಡರೆ, ಆಳ ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ವೈದ್ಯರ ಕೈಗೇ ಹೋಗಬೇಕು. ಮಂಡಿ, ಮೊಣಕೈ, ಬೆರಳಿನ ಗೆಣ್ಣಿನ ಮೇಲಿನ ಗಾಯ ನೋಡಲು ಚಿಕ್ಕದಾದರೂ ಪ್ರತಿ ಬಾರಿ ಮಡಚಿದಾಗ ಬಿರಿಯುತ್ತದೆ. ತುಟಿಯ ಅಂಚನ್ನು ದಾಟಿದ ಗಾಯ, ಕಣ್ಣಿನ ರೆಪ್ಪೆಯ ಗಾಯ, ಕಿವಿಯ ಮೃದ್ವಸ್ಥಿ ಕಾಣುವ ಗಾಯ, ಜನನಾಂಗದ ಗಾಯ ಇವುಗಳಿಗೆ ಮನೆಮದ್ದಿನ ಪ್ರಯೋಗ ಬೇಡ.

ಹೊಲಿಗೆಗೆ ಕಾಲಮಿತಿಯಿದೆ. ಸಾಮಾನ್ಯವಾಗಿ ಆರರಿಂದ ಎಂಟು ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ರಕ್ತಸಂಚಾರ ಚೆನ್ನಾಗಿರುವ ಮುಖದ ಗಾಯಕ್ಕೆ 24 ಗಂಟೆಯವರೆಗೂ ಅವಕಾಶವಿರುತ್ತದೆ. ಆದ್ದರಿಂದ ರಾತ್ರಿ ಹತ್ತಕ್ಕೆ ಆದ ಗಾಯವನ್ನು “ಬೆಳಿಗ್ಗೆ ನೋಡೋಣ” ಎಂದು ಬಿಡುವವರು ಬೆಳಗಿನ ಹತ್ತು ಗಂಟೆಯ ಹೊರರೋಗಿ ವಿಭಾಗವನ್ನು ತಲುಪುವ ಹೊತ್ತಿಗೆ ಹನ್ನೆರಡು ಗಂಟೆ ಕಳೆದಿರುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು.

ಹಂತ 4: ಕೈಬೆರಳಾದರೆ ಮೂರು ಪರೀಕ್ಷೆ ಮಾಡಿ

ಅಂಗೈ ಮತ್ತು ಬೆರಳುಗಳಲ್ಲಿ ಚರ್ಮದ ಕೆಳಗೆ ಕೆಲವೇ ಮಿಲಿಮೀಟರ್ ಆಳದಲ್ಲಿ ಸ್ನಾಯುರಜ್ಜು, ನರ, ರಕ್ತನಾಳ ಒತ್ತೊತ್ತಾಗಿ ಸಾಗುತ್ತವೆ. ಆಡುಮಾತಿನಲ್ಲಿ ಸ್ನಾಯುರಜ್ಜನ್ನೂ ನಾವು “ನರ” ಎಂದೇ ಕರೆಯುತ್ತೇವೆ, ಆದರೆ ಎರಡರ ಪರೀಕ್ಷೆಯೂ ಬೇರೆ.

ಮೊದಲು, ಗಾಯವಾದ ಬೆರಳಿನ ಪ್ರತಿಯೊಂದು ಗೆಣ್ಣನ್ನೂ ಬೇರೆಬೇರೆಯಾಗಿ ಮಡಚಲು, ನೇರ ಮಾಡಲು ಹೇಳಿ. ನಡುಗೆಣ್ಣನ್ನು ನೀವು ನೇರವಾಗಿ ಹಿಡಿದುಕೊಂಡು ತುದಿಯನ್ನಷ್ಟೇ ಮಡಚಲು ಹೇಳಬೇಕು, ಇಲ್ಲದಿದ್ದರೆ ನಡುಗೆಣ್ಣನ್ನು ಮಡಚುವ ಇನ್ನೊಂದು ರಜ್ಜು ಬೆರಳನ್ನೇ ಬಾಗಿಸಿ ತುದಿಯ ದೋಷವನ್ನು ಮರೆಮಾಡುತ್ತದೆ. ನಿಮ್ಮ ಬೆರಳನ್ನು ಅಡ್ಡ ಇಟ್ಟು, ಅದರ ವಿರುದ್ಧ ಒತ್ತಲು ಹೇಳಿದರೆ ಅರ್ಧ ತುಂಡಾದ ರಜ್ಜೂ ನೋವು ಅಥವಾ ಬಲಹೀನತೆಯ ಮೂಲಕ ಸುಳಿವು ಕೊಡುತ್ತದೆ. ಎರಡನೆಯದಾಗಿ, ಕಣ್ಣು ಮುಚ್ಚಿಸಿ ಬೆರಳ ತುದಿಯ ಎರಡೂ ಪಕ್ಕಗಳನ್ನು ಹತ್ತಿಯಿಂದ ಸವರಿ, ಒಂದು ಪಕ್ಕ ಜೋಮು ಹಿಡಿದಂತಿದೆಯೇ ಎಂದು ಕೇಳಿ. ಮೂರನೆಯದಾಗಿ, ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಬಣ್ಣ ಎರಡು ಸೆಕೆಂಡಿನೊಳಗೆ ಮರಳಿ ಗುಲಾಬಿಯಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ತುಂಡಾದ ರಜ್ಜು ದಿನ ಕಳೆದಂತೆ ಒಳಕ್ಕೆ ಎಳೆದುಕೊಂಡು, ಜೋಡಿಸುವ ಕೆಲಸ ಕಷ್ಟವಾಗುತ್ತ ಹೋಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಹೊರಡುವ ಮುನ್ನ ಊಟ ಮಾಡಿಸಬೇಡಿ.

ಹಂತ 5: ಹೇಗಾಯಿತೆಂದು ಕೇಳಿ

ಕುಡುಗೋಲಿನ ಉದ್ದನೆಯ ಶುಭ್ರ ಗಾಯಕ್ಕಿಂತ ಬೂರುಗದ ಮುಳ್ಳೋ ಮೊಳೆಯೋ ಚುಚ್ಚಿದ ಚುಕ್ಕೆ ಹೆಚ್ಚು ಅನುಮಾನಕ್ಕೆ ಅರ್ಹ. ಅದರ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ, ಕ್ರಿಮಿ ಒಳಗೇ ಉಳಿಯುತ್ತದೆ. ಚಪ್ಪಲಿ ತೂರಿ ಬಂದ ಮೊಳೆಯು ರಬ್ಬರಿನ ಚೂರನ್ನೂ ಒಳಗೆ ಒಯ್ದಿರುತ್ತದೆ. ಗಾಜಿನ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ, ಆದರೆ ಮುಳ್ಳು, ಬಿದಿರಿನ ಸಿಬಿರು ಕಾಣುವುದಿಲ್ಲ. ಆದ್ದರಿಂದ “ಎಕ್ಸ್‌ರೇ ಸರಿಯಿದೆ” ಎಂದ ಮೇಲೂ ಒಳಗೆ ಏನೋ ಚುಚ್ಚಿದಂತಾಗುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ, ಅಲ್ಟ್ರಾಸೌಂಡ್ ಬಗ್ಗೆ ಕೇಳಬೇಕು.

ಗ್ಯಾರೇಜಿನಲ್ಲಿ ಗ್ರೀಸ್ ಗನ್, ಬಣ್ಣದ ಸ್ಪ್ರೇ ಗನ್ ಬಳಸುವವರ ಬೆರಳಿಗೆ ಅಧಿಕ ಒತ್ತಡದಲ್ಲಿ ದ್ರವ ನುಗ್ಗಿದಾಗ ಹೊರಗೆ ಸೂಜಿಮೊನೆಯಷ್ಟು ತೂತು ಮಾತ್ರ ಕಾಣುತ್ತದೆ, ಮೊದಲ ಗಂಟೆಯಲ್ಲಿ ನೋವೂ ಕಡಿಮೆ. ಆದರೂ ಅದು ಬೆರಳನ್ನೇ ಕಳೆದುಕೊಳ್ಳಬಹುದಾದ ತುರ್ತು ಸ್ಥಿತಿ. ಜಗಳದಲ್ಲಿ ಎದುರಾಳಿಯ ಹಲ್ಲಿಗೆ ಮುಷ್ಟಿ ತಗುಲಿ ಗೆಣ್ಣಿನ ಮೇಲಾದ ಗಾಯವೂ ಇದೇ ಜಾತಿಯದು. ಹಲವರು ನಾಚಿಕೆಯಿಂದ “ಬಾಗಿಲಿಗೆ ಬಡಿಯಿತು” ಎನ್ನುತ್ತಾರೆ, ಆ ಸುಳ್ಳಿನಿಂದ ತಪ್ಪಾದ ಚಿಕಿತ್ಸೆ ಸಿಗುತ್ತದೆ.

ಪ್ರಾಣಿ ಕಚ್ಚಿದಾಗ

ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ಆಸ್ಪತ್ರೆಗೆ ಹೋಗಬೇಕೇ ಎಂಬ ಪ್ರಶ್ನೆಗೆ ಉತ್ತರ ಒಂದೇ: ಅದೇ ದಿನ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ, ಲಕ್ಷಣಕ್ಕೆ ಮುನ್ನ ತಡೆಯುವುದು ಸಾಧ್ಯ. ಮೊದಲ ಚಿಕಿತ್ಸೆ ನಿಮ್ಮ ಬಚ್ಚಲಿನಲ್ಲಿಯೇ ಇದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಮೆಣಸಿನ ಪುಡಿ, ಸುಣ್ಣ ಮೆತ್ತುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ, ಅದನ್ನು ಬಿಡಬೇಕು.

ರಕ್ತ ಬಾರದ ಪರಚಿಗೆ ಲಸಿಕೆ ಸಾಕು. ಚರ್ಮ ತೂತಾಗಿ ರಕ್ತ ಬಂದಿದ್ದರೆ, ಅಥವಾ ಇದ್ದ ಗಾಯವನ್ನು ಪ್ರಾಣಿ ನೆಕ್ಕಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಚುಚ್ಚುವ ಸೀರಂ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳಿರುವ ಔಷಧಿ) ಕೂಡ ಬೇಕು. ಲಸಿಕೆ ಹಾಕಿಸಿಕೊಂಡು ಸೀರಂ ಇಲ್ಲದೆ ಮನೆಗೆ ಮರಳಿದವರು ಮೊದಲ ಲಸಿಕೆಯಿಂದ ಏಳು ದಿನದೊಳಗೆ ಅದನ್ನು ಪಡೆಯಬಹುದು. ಚರ್ಮದೊಳಗೆ ನೀಡುವ ಲಸಿಕೆಯ ದಿನಗಳು 0 (ಮೊದಲ ಡೋಸಿನ ದಿನ), 3, 7 ಮತ್ತು 28. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. “ಪಕ್ಕದ ಮನೆಯ ನಾಯಿ, ಅದಕ್ಕೆ ಇಂಜೆಕ್ಷನ್ ಆಗಿದೆ” ಎಂಬ ಭರವಸೆಯ ಮೇಲೆ ಮೊದಲ ಡೋಸನ್ನು ಬಿಡಬಾರದು. ಕಚ್ಚಿ ವಾರವೇ ಆಗಿದ್ದರೂ “ತಡವಾಯಿತು” ಎಂದು ಕೈಬಿಡಬಾರದು.

ಹಾವು ಕಚ್ಚಿದ ಅನುಮಾನವಿದ್ದರೆ ಗಾಯದ ಗುರುತು ನೋಡುತ್ತ ಕೂರಬೇಡಿ. ಕಟ್ಟುಹಾವಿನ ಕಡಿತ ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರಿಗೆ ಆಗುತ್ತದೆ, ನೋವು, ಊತ ಏನೂ ಇರದೆ ಬೆಳಗಿನ ಜಾವಕ್ಕೆ ರೆಪ್ಪೆ ಜೋತುಬೀಳುತ್ತದೆ. ಕಚ್ಚಿದ ಭಾಗವನ್ನು ಅಲುಗಾಡದಂತೆ ಮುರಿದ ಮೂಳೆಗೆ ಪಟ್ಟಿ ಕಟ್ಟುವ ಹಾಗೆ ಕಟ್ಟಿ, ಉಂಗುರ ಬಳೆ ತೆಗೆದು, ನಡೆಸದೆ ಕರೆದೊಯ್ಯಬೇಕು. ರಕ್ತ ಚಿಮ್ಮುವಾಗ ಹೇಳಿದ ಬಿಗಿ ಕಟ್ಟು ಇಲ್ಲಿ ನಿಷಿದ್ಧ. ಕೊಯ್ಯುವುದು, ಹೀರುವುದು, ನಾಟಿ ಮದ್ದಿಗಾಗಿ ಊರೂರು ಅಲೆಯುವುದು ಎಲ್ಲವೂ ಪ್ರತಿವಿಷ ಸಿಗುವ ಹೊತ್ತನ್ನು ತಿನ್ನುತ್ತವೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು, ಅಂದರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯೆಂದು, ಘೋಷಿಸಲಾಗಿದೆ.

ಕೆಂಪು ಚೇಳು ಕುಟುಕಿದ ಮಗು ಬೆವರಿ, ಕೈಕಾಲು ತಣ್ಣಗಾಗಿ, ವಾಂತಿ ಮಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು ಬಳಕೆಗೆ ತಂದ ಪ್ರಾಜೋಸಿನ್ ಎಂಬ ಸಾಮಾನ್ಯ ಮಾತ್ರೆ ಇಂಥ ಅನೇಕರನ್ನು ಉಳಿಸಿದೆ, ಅದನ್ನು ಬೇಗ ಕೊಟ್ಟಷ್ಟೂ ಲಾಭ.

ಸುಟ್ಟಾಗ

ಮೊದಲ ಕೆಲಸ ನೀರು, ಅದೂ 20 ನಿಮಿಷ. ಸಾರು ಚೆಲ್ಲಿದ ಕೈಯನ್ನು ನಲ್ಲಿಯ ಕೆಳಗೆ ಹಿಡಿದರೆ ಎರಡನೆಯ ನಿಮಿಷಕ್ಕೇ “ಸಾಕು” ಎನಿಸುತ್ತದೆ, ಆದರೆ ಚರ್ಮದ ಕೆಳಪದರಗಳು ಇನ್ನೂ ಬೇಯುತ್ತಲೇ ಇರುತ್ತವೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ನೀರು ಹಾಯಿಸಿದರೂ ಉಪಯೋಗವಿದೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ದೋಸೆ ಹಿಟ್ಟು ಬೇಡ. ಊತ ಏರುವ ಮುನ್ನ ಬಳೆ, ಉಂಗುರ ತೆಗೆಯಿರಿ. ಚಿಕ್ಕ ಮಗುವಿನ ಮೈ ಹೆಚ್ಚು ಸುಟ್ಟಿದ್ದರೆ ಸುಟ್ಟ ಭಾಗಕ್ಕಷ್ಟೇ ನೀರು ಹಾಯಿಸಿ, ಉಳಿದ ಮೈಯನ್ನು ಬೆಚ್ಚಗೆ ಸುತ್ತಿಡಬೇಕು.

ಅಳತೆಗೆ ಗಾಯಾಳುವಿನ ಅಂಗೈಯನ್ನೇ ಬಳಸಬಹುದು. ಬೆರಳುಗಳೂ ಸೇರಿದ ಅಂಗೈ ಮೈಯ ಸುಮಾರು ಶೇ. 1ರಷ್ಟು. ಗುಳ್ಳೆಯೆದ್ದ ಭಾಗ ಅಂಗೈಗಿಂತ ದೊಡ್ಡದಿದ್ದರೆ ವೈದ್ಯರಿಗೆ ತೋರಿಸಿ. ಮಕ್ಕಳಲ್ಲಿ ಐದು ಅಂಗೈ, ದೊಡ್ಡವರಲ್ಲಿ ಹತ್ತು ಅಂಗೈಯಷ್ಟಾದರೆ ಸುಟ್ಟಗಾಯಗಳ ಪ್ರತ್ಯೇಕ ವಾರ್ಡ್ ಇರುವ ಆಸ್ಪತ್ರೆಯೇ ಬೇಕಾಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅಂಥ ವಿಭಾಗವಿದೆ. ಮುಖ, ಕೈ, ಪಾದ, ಜನನಾಂಗ, ಕೀಲುಗಳ ಮೇಲೆ ಸುಟ್ಟಿದ್ದರೆ, ಕೈಯ ಅಥವಾ ಕಾಲಿನ ಸುತ್ತ ಬಳೆಯಂತೆ ಸುಟ್ಟಿದ್ದರೆ, ಚರ್ಮ ಬಿಳಿಯಾಗಿಯೋ ತೊಗಲಿನಂತೆಯೋ ಆಗಿ ನೋವಿಲ್ಲದಿದ್ದರೆ ಅಳತೆಯ ಮಾತಿಲ್ಲ, ಹೊರಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವರ ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ ಶ್ವಾಸನಾಳ ಊದುವ ಮುನ್ನ ಆಸ್ಪತ್ರೆ ಸೇರಬೇಕು.

ಬೈಕಿನ ಸೈಲೆನ್ಸರ್ ಮೀನಖಂಡಕ್ಕೆ ತಾಗಿ ಆಗುವ ಅಂಗೈಯಗಲದ ಗಾಯ ಎಲ್ಲರಿಗೂ ಪರಿಚಿತ, ಎಲ್ಲರೂ ಹಗುರವಾಗಿ ಎಣಿಸುವಂಥದ್ದು. ಅದು ತೋರುವುದಕ್ಕಿಂತ ಆಳವಾಗಿರುತ್ತದೆ. ಎರಡು ವಾರದಲ್ಲಿ ಮಾಯದಿದ್ದರೆ ತೋರಿಸಲೇಬೇಕು. ವಿದ್ಯುತ್ ತಗುಲಿದವರ ಚರ್ಮದ ಮೇಲೆ ಚುಕ್ಕೆಯಷ್ಟೇ ಗುರುತಿದ್ದರೂ ಹೃದಯದ ಬಡಿತವನ್ನು ಇಸಿಜಿಯಲ್ಲಿ ನೋಡಿಸಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಚೆಲ್ಲಿದರೆ ಬಟ್ಟೆ ತೆಗೆದು ಧಾರಾಳವಾಗಿ ನೀರು ಹಾಯಿಸುತ್ತಲೇ ಇರಬೇಕು. ಸುಣ್ಣದ ಪುಡಿಯಾದರೆ ಮೊದಲು ಒಣಗಿದ್ದಂತೆಯೇ ಕೊಡವಿ, ನಂತರ ನೀರು.

ಹಂತ 6: ಯಾರಿಗೆ ಆಗಿದೆ, ಟಿಟಿ (ಧನುರ್ವಾಯುವಿನ ಲಸಿಕೆ) ಯಾವಾಗ ಆಗಿತ್ತು

ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು. ಚಪ್ಪಲಿಯೊಳಗಿನ ಕಲ್ಲು ಇಡೀ ದಿನ ಚುಚ್ಚಿದರೂ ತಿಳಿಯದೆ, ರಾತ್ರಿ ಕಾಲು ತೊಳೆಯುವಾಗ ರಕ್ತ ಕಂಡು ಗೊತ್ತಾಗುತ್ತದೆ. ಅವರ ಪಾದದ ಯಾವುದೇ ಗಾಯವನ್ನು 24 ಗಂಟೆಯೊಳಗೆ ವೈದ್ಯರು ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ಹಾಸಿಗೆ ಹಿಡಿದ ವೃದ್ಧರು, ವರ್ಷದೊಳಗಿನ ಮಕ್ಕಳು ಇವರಿಗೂ ಮೇಲಿನ ಅಳತೆಗಳನ್ನು ಒಂದು ಹಂತ ಬಿಗಿ ಮಾಡಿಕೊಳ್ಳಬೇಕು. ಕರಾವಳಿ, ಮಲೆನಾಡಿನ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಾಲಿನ ಗಾಯ ಇಟ್ಟುಕೊಂಡು ನೀರಿಗಿಳಿದವರಿಗೆ ದಿನಗಳ ನಂತರ ಜ್ವರ, ಮೀನಖಂಡದ ನೋವು ಬಂದರೆ ಇಲಿ ಜ್ವರದ ಅನುಮಾನ ಹೇಳಿ ಪರೀಕ್ಷಿಸಿಕೊಳ್ಳಬೇಕು.

ಧನುರ್ವಾಯುವಿನ ಕ್ರಿಮಿ ತುಕ್ಕಿನಲ್ಲಿ ಹುಟ್ಟುವುದಲ್ಲ, ಅದರ ಬೀಜಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಬಾಲ್ಯದ ಲಸಿಕೆಗಳು ಪೂರ್ತಿಯಾಗಿದ್ದವರಿಗೆ ಶುಭ್ರವಾದ ಸಣ್ಣ ಗಾಯಕ್ಕೆ ಹಿಂದಿನ ಡೋಸಿನಿಂದ 10 ವರ್ಷ, ಮಣ್ಣು ಮೆತ್ತಿದ ಅಥವಾ ಆಳದ ಗಾಯಕ್ಕೆ 5 ವರ್ಷ ಕಳೆದಿದ್ದರೆ ಮತ್ತೊಂದು ಡೋಸು ಬೇಕು. ಆರು ತಿಂಗಳಿಗೊಮ್ಮೆ, ಪ್ರತಿ ಗೀರಿಗೂ ಹಾಕಿಸಿಕೊಳ್ಳುವ ನಮ್ಮ ಅಭ್ಯಾಸಕ್ಕೆ ಆಧಾರವಿಲ್ಲ. 24 ಗಂಟೆ ದಾಟಿದರೆ ಪ್ರಯೋಜನವಿಲ್ಲ ಎಂಬುದೂ ತಪ್ಪು, ನೆನಪಾದ ಕೂಡಲೇ ಹಾಕಿಸಿಕೊಳ್ಳಬಹುದು.

ಹಂತ 7: ಮನೆಯಲ್ಲೇ ಉಳಿದರೆ ಮೂರು ದಿನ ಕಾವಲು

ತೊಳೆದ ಗಾಯಕ್ಕೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಬ್ಯಾಂಡೇಜು ಕಟ್ಟಿ, ದಿನಕ್ಕೊಮ್ಮೆ ಬದಲಿಸಿದರೆ ಸಾಕು. ನಂಜು ಸಾಮಾನ್ಯವಾಗಿ ತಲೆ ಎತ್ತುವುದು ಎರಡನೆಯ, ಮೂರನೆಯ ದಿನ. ಕೆಂಪಾಗುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ, ನಮ್ಮ ಕಂದು, ಕಪ್ಪು ಚರ್ಮದಲ್ಲಿ ಆ ಕೆಂಪು ಹಾಗೆ ಕಾಣುವುದಿಲ್ಲ. ಗಾಯದ ಸುತ್ತಲ ಚರ್ಮ ಮೊದಲಿಗಿಂತ ಕಪ್ಪಾಗಿ, ಊದಿ, ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಕೈಯ ಹಿಂಬದಿಯಿಂದ ಮುಟ್ಟಿ, ಇನ್ನೊಂದು ಬದಿಯ ಅದೇ ಜಾಗಕ್ಕೆ ಹೋಲಿಸಿದರೆ ಕಾವು ತಿಳಿಯುತ್ತದೆ. ಊತದ ಅಂಚಿನ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಕೆಲವು ಗಂಟೆಗಳಲ್ಲಿ ಊತ ಗೆರೆ ದಾಟಿದರೆ, ಕೀವು ಕಂಡರೆ, ಗಾಯದಿಂದ ಕಂಕುಳು ಅಥವಾ ತೊಡೆಸಂದಿನ ಕಡೆಗೆ ಗೆರೆ ಓಡಿದರೆ, ಜ್ವರ ಬಂದರೆ ಅಂದೇ ಹೋಗಬೇಕು.

ಒಂದು ಲಕ್ಷಣವನ್ನು ಬೇರೆಯಾಗಿ ಹೇಳಬೇಕು. ಗಾಯ ಚಿಕ್ಕದು, ನೋವು ಮಾತ್ರ ತಡೆಯಲಾರದಷ್ಟು, ಚರ್ಮ ನೇರಳೆಯಾಗುತ್ತಿದೆ, ನೀರ್ಗುಳ್ಳೆ ಏಳುತ್ತಿದೆ, ಒತ್ತಿದರೆ ಒಳಗೆ ಗಾಳಿಗುಳ್ಳೆ ಒಡೆದ ಸದ್ದು. ಇದು ಮಾಂಸವನ್ನು ಕೊಳೆಸುತ್ತ ಗಂಟೆಗಳಲ್ಲಿ ಹರಡುವ ಸೋಂಕಿರಬಹುದು. ಇದಕ್ಕೆ ಮಾತ್ರೆ ಸಾಲದು, ಶಸ್ತ್ರಚಿಕಿತ್ಸಕರೇ ಬೇಕು, ನಡುರಾತ್ರಿಯಾದರೂ ಹೊರಡಬೇಕು.

ಹೊರಡುವಾಗ

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಾತ್ರಿ ವೈದ್ಯರು ಇರದಿರಬಹುದು, ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗ ನಂಬಿಕೆಗೆ ಹೆಚ್ಚು ಅರ್ಹ. ಹೋಗುವುದೋ ಬೇಡವೋ ಎಂಬ ಗೊಂದಲ ಉಳಿದರೆ 104 ಸಹಾಯವಾಣಿಯನ್ನು ಕೇಳಬಹುದು. ರಸ್ತೆ ಅಪಘಾತ ಅಥವಾ ಹಲ್ಲೆಯ ಗಾಯವಾದರೆ ಪೊಲೀಸ್ ಕೇಸಿನ ಭಯಕ್ಕೆ ತಡಮಾಡುವವರಿದ್ದಾರೆ. ಕಾಗದಪತ್ರಕ್ಕಿಂತ ಚಿಕಿತ್ಸೆ ಮೊದಲು ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ನುಂಗುವ ಮಾತ್ರೆಗಳ ಚೀಟಿ ಅಥವಾ ಖಾಲಿ ಪಟ್ಟಿ, ಲಸಿಕೆ ಕಾರ್ಡು ಜೊತೆಗಿರಲಿ. ಯಾವಾಗ, ಯಾವುದರಿಂದ, ಏನು ಹಚ್ಚಿದಿರಿ ಎಂಬ ಮೂರನ್ನೂ ಮರೆಮಾಚದೆ ಹೇಳಿ.

ಹೊಲಿಗೆ ಹಾಕಿಸಿಕೊಂಡರೆ ಬಿಚ್ಚಿಸುವ ದಿನವನ್ನೂ ಅಲ್ಲಿಯೇ ಬರೆಸಿಕೊಳ್ಳಿ: ಮುಖದ್ದು ಸುಮಾರು ಐದು ದಿನಕ್ಕೆ, ನೆತ್ತಿಯದು ಏಳರಿಂದ ಹತ್ತು ದಿನಕ್ಕೆ, ಕೈಕಾಲಿನದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಮುಖದ ಹೊಲಿಗೆಯನ್ನು ತಡವಾಗಿ ಬಿಚ್ಚಿಸಿದರೆ ಏಣಿಯ ಮೆಟ್ಟಿಲಿನಂಥ ಕಲೆ ಉಳಿಯುತ್ತದೆ. ಮಂಡಿಯದನ್ನು ಬೇಗ ಬಿಚ್ಚಿಸಿದರೆ ಗಾಯ ಮತ್ತೆ ಬಿರಿಯುತ್ತದೆ.